ಅತ್ತೆ ಕೂತು ಪಾಸು ಮಾಡಿದ ಡಬ್ಬ

ಫೆಬ್ರವರಿ 6, ಬೆಳಗ್ಗೆ

ಕಪ್ ಸುಡುವ ಭಟ್ಟಿ ಇನ್ನೂ ಬಿಸಿ. ಪೂರ್ತಿ ಆರುವ ಮುಂಚೆ ಬಾಗಿಲು ತೆಗೆಯಬಾರದು, ಗೊತ್ತು. ತೆಗೆದೆ! ಒಂದೇ ಒಂದು ಬೆರಳಷ್ಟು. ನೀಲಿ ಬಂದಿದೆ... ನಾನಂದುಕೊಂಡಿದ್ದ ಅದೇ ನೀಲಿ! ಅಡುಗೆಮನೆಗೆ ಓಡಿ ಅತ್ತೆಗೆ ಹೇಳಿದೆ.

"ಬಂದ್ರೆ ಬರ್ಲಿ, ಮೊದ್ಲು ಕೈ ತೊಳ್ಕೊ."

ಅವರ ಕೈಯಲ್ಲಿ ಕಾಫಿ. ನಾನು ಮಾಡಿದ ಮೊಟ್ಟಮೊದಲ ಕಪ್‌ನಲ್ಲಿ. ಹಿಡಿಕೆ ಸೊಟ್ಟ, ನೋಡಿದರೆ ನನಗೇ ನಾಚಿಕೆ. ಎಸೆಯಿರಿ ಅಂತ ಹೇಳಿ ಹೇಳಿ ಸಾಕಾಯಿತು. ಬೇರೆ ಕಪ್ ಮುಟ್ಟುವುದಿಲ್ಲ. ಹಟ!

ಇನ್ನು ಉಳಿದಿರುವುದು ಕಳಿಸುವುದು. ಅಲ್ಲೇ ಇರುವುದು ಪೇಚು. ಹೋದ ಸಲ ಒಂದು ಹೊಸ ಕೆಫೆಗೆ ಆರು ಸ್ಯಾಂಪಲ್ ಕಪ್‌ಗಳನ್ನು ಮಿಕ್ಸಿ ಬಂದಿದ್ದ ಹಳೇ ಡಬ್ಬದಲ್ಲಿ ತುಂಬಿ ಕಳಿಸಿದ್ದೆ. ತಲುಪಿದ್ದು ಒಂದು ರಾಶಿ ಚೂರು. ಕೆಫೆಯಾಕೆ ಫೋನಿನಲ್ಲಿ ನಕ್ಕಳು, ಪುಣ್ಯಾತ್ಗಿತ್ತಿ.

"ಚೂರಲ್ಲೇ ಬಣ್ಣ ಇಷ್ಟು ಚೆನ್ನಾಗಿದೆ. ಇಪ್ಪತ್ನಾಲ್ಕು ಕಪ್ ಕಳ್ಸಿ. ಆದ್ರೆ ಹದಿನೈದಕ್ಕೆ ನಮ್ಮ ಓಪನಿಂಗು. ಈ ಸಲನೂ ಒಡೆದ್ರೆ ಫ್ಯಾಕ್ಟರಿ ಕಪ್ ತರಿಸ್ಕೋತೀನಿ, ಬೇಜಾರು ಮಾಡ್ಕೋಬೇಡಿ."

ಬೇಜಾರಂತೆ! ಒಡೆದರೆ ಭಟ್ಟಿ ಮಾರಿ ಮತ್ತೆ ಆ ಇನ್ಶೂರೆನ್ಸ್ ಆಫೀಸಿನ ಕುರ್ಚಿಗೇ ಹೋಗಬೇಕು. ಹಾಗಂತ ಗಂಡನಿಗೆ ಮಾತು ಕೊಟ್ಟಾಗಿದೆ. ಹೋಗುವುದಿಲ್ಲ. ಒಡೆಯುವುದೇ ಇಲ್ಲ!

ಫೆ. 6, ಸಂಜೆ

ಇಳಿಸಿದೆ. ಇಪ್ಪತ್ತಮೂರು ಚಿನ್ನದಂಥವು. ಒಂದರ ತಳ ಬಿರುಕು ಬಿಟ್ಟಿದೆ. ಹೊಸದು ಮಾಡಿ, ಒಣಗಿಸಿ, ಸುಡಲು ಟೈಮಿಲ್ಲ. ಕೆಫೆಯಾಕೆಗೆ ಹೇಳಿಬಿಟ್ಟೆ. "ಒಂದು ಕಮ್ಮಿ ಆದ್ರೆ ಆಗ್ಲಿ. ಬರೋದು ನೆಟ್ಟಗೆ ಬರ್ಲಿ" ಅಂದಳು.

ಫೆ. 7

ಡಬ್ಬದಂಗಡಿ! ನೆಲದಿಂದ ಸೂರಿನವರೆಗೆ ರಟ್ಟೋ ರಟ್ಟು. ಹೊಸ ರಟ್ಟಿಗೆ ಎಂಥ ವಾಸನೆ... ಆಟಿಕೆ ಅಂಗಡಿಗೆ ಬಂದ ಮಗುವಿನ ಹಾಗೆ ನಿಂತುಬಿಟ್ಟೆ.

"ತ್ರೀ ಪ್ಲೈನಾ, ಫೈವ್ ಪ್ಲೈನಾ?" ಅಂದ ಅಂಗಡಿಯವನು. "ಪ್ಲೈ ಅಂದ್ರೆ?" ಅಂದೆ.

"ಪದರ ಮೇಡಂ. ಮೂರು ಪದರದ್ದು ಬಟ್ಟೆಗೆ. ಐದು ಪದರದ್ದು ಭಾರಕ್ಕೆ."

"ಒಡೆಯೋ ಸಾಮಾನಿಗೆ?"

"ಅದು ನಿಮ್ಮ ಅದೃಷ್ಟಕ್ಕೆ."

ತಲೆಹರಟೆ. ಎರಡೂ ತಂದೆ — ದೊಡ್ಡದು, ಚಿಕ್ಕದು, ಒಳಗೆ ಖಾನೆ ಮಾಡುವ ಅಡ್ಡಪಟ್ಟಿಗಳೂ. ಸ್ಕೂಟರಿನ ಮೇಲೆ ಗಾಳಿಗೆ ರಟ್ಟಿನ ಜೊತೆ ನಾನೂ ಹಾರಿಹೋಗುವುದೊಂದು ಬಾಕಿ.

ಊಟವಾದ ಮೇಲೆ ಮೂರು ಪದರದ ಡಬ್ಬವೊಂದನ್ನು ಮಡಚಿ ಟೇಪು ಹಚ್ಚಿಟ್ಟಿದ್ದೆ. ಅತ್ತೆ ಬಂದವರೇ ಸ್ಟೂಲು ಅಂದುಕೊಂಡು ಕೂತರು. ಪುಸ್! ಅತ್ತೆ ಒಳಗೆ, ಕಾಲು ಹೊರಗೆ. ಹೌಹಾರಿ ಎಬ್ಬಿಸಲು ಹೋದರೆ ಅವರಿಗೆ ನಗು ತಡೆಯಲಾಗುತ್ತಿಲ್ಲ.

"ಇದು ಫೇಲು ಕಣೇ. ಇನ್ನೊಂದು ತಾ!"

ಅಯ್ಯೋ, ಇದಲ್ಲವೇ ಪರೀಕ್ಷೆ! ಲಾರಿಯಲ್ಲಿ ನನ್ನ ಡಬ್ಬದ ಮೇಲೆ ಯಾರದೋ ಟಿವಿ ಕೂರುತ್ತದೆ, ಯಾರದೋ ಕಬ್ಬಿಣ ಕೂರುತ್ತದೆ. ಐದು ಪದರದ ದೊಡ್ಡದು — ನಡು ಬಗ್ಗಿತು. ಐದು ಪದರದ ಚಿಕ್ಕದು, ಖಾನೆ ಹಾಕಿದ್ದು — ಅತ್ತೆ ಕೂತರು, ಪೇಪರ್ ತರಿಸಿಕೊಂಡು ಓದಿದರು, ಒಂದು ಸಣ್ಣ ನಿದ್ದೆಯನ್ನೂ ತೆಗೆದರು. ಜಪ್ಪಯ್ಯ ಅನ್ನಲಿಲ್ಲ ಡಬ್ಬ. ಪಾಸು!

ಫೆ. 8

ಇವತ್ತು ಮೆಟ್ಟಿಲು ಪರೀಕ್ಷೆ. ತಿರಸ್ಕರಿಸಿಟ್ಟ ಹಳೇ ಕಪ್‌ಗಳನ್ನು ತುಂಬಿ ಮೇಲಿಂದ ಉರುಳಿಸುವುದು. ದೊಡ್ಡ ಡಬ್ಬದಲ್ಲಿ ಕಪ್‌ಗಳು ಓಡಾಡಿ ತಮ್ಮತಮ್ಮಲ್ಲೇ ಹೊಡೆದಾಡಿಕೊಂಡವು. ಹೋದ ಸಲ ಆದದ್ದೂ ಇದೇ ಇರಬೇಕು. ದೊಡ್ಡ ಡಬ್ಬ ಒಳ್ಳೆಯದು ಅಂದುಕೊಂಡಿದ್ದೆ, ಪೆದ್ದಿ!

ಚಿಕ್ಕದರಲ್ಲಿ ಆರು ಖಾನೆ, ಸುತ್ತ ಎರಡು ಬೆರಳು ಜಾಗ, ಅಲ್ಲೆಲ್ಲ ಪೇಪರ್ ಉಂಡೆ ಗಿಡಿದು ತುಂಬಿದೆ. ಉರುಳಿಸಿದೆ. ಧಡಬಡ... ಇವರು ಸ್ನಾನದ ಮನೆಯಿಂದ ಸೋಪು ನೊರೆಯಲ್ಲೇ ಓಡಿ ಬಂದರು, ಅಮ್ಮ ಬಿದ್ದರೆಂದು. ಬಿಚ್ಚಿದೆ. ಆರಕ್ಕೆ ಆರೂ ಇಡಿಯಾಗಿವೆ!

ಅತ್ತೆಯನ್ನು ತಬ್ಬಿಕೊಂಡೆ. "ಬಿಡೇ, ಉಸಿರು ಕಟ್ಟತ್ತೆ" ಅಂದರು. ಬಿಡಲಿಲ್ಲ.

ಫೆ. 9

ನಾಲ್ಕು ಡಬ್ಬ ತುಂಬಿದೆ. ಕೊನೆಯದರಲ್ಲಿ ಒಂದು ಖಾನೆ ಖಾಲಿ. ಪೇಪರ್ ತುರುಕಿದೆ. ಅತ್ತೆ ಡಬ್ಬವನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರು.

"ಸದ್ದು ಬರ್ತಿದೆ."

"ಇಲ್ಲ ಅತ್ತೆ."

"ಬರ್ತಿದೆ ಅಂದ್ನಲ್ಲ."

ಸದ್ದೂ ಇಲ್ಲ, ಏನೂ ಇಲ್ಲ. ಇಷ್ಟು ದಿನ ಡಬ್ಬದ ಮೇಲೆ ಕೂತು ಈಗ ಅತ್ತೆಯೇ ಇನ್ಸ್‌ಪೆಕ್ಟರು!

ಫೆ. 10

ಹೋದವು! ಆದರೆ ಕೊರಿಯರ್‌ನವನು ಬಂದಾಗ ಒಂದು ಎಡವಟ್ಟು. ರಾತ್ರಿ ಇವರು ಮಾರ್ಕರ್ ಹಿಡಿದು, ಮುತ್ತಿನಂಥ ಅಕ್ಷರದಲ್ಲಿ, ನಾಲ್ಕೂ ಡಬ್ಬದ ಮೇಲೆ ಬರೆದಿದ್ದರು: ಒಡೆಯಬಹುದು.

ಕೊರಿಯರ್‌ನವನು ಓದಿ ನಮ್ಮ ಮುಖ ನೋಡಿದ. "ಏನ್ ಸಾರ್, ಪರ್ಮಿಷನ್ನೇ ಕೊಟ್ಬಿಟ್ಟಿದೀರಲ್ಲ!"

ಇವರು ಹುಳ್ಳಗೆ ನಕ್ಕರು. ಅತ್ತೆ ಮಗನ ಕೈಯಿಂದ ಮಾರ್ಕರ್ ಕಿತ್ತುಕೊಂಡು, ಅದನ್ನು ಹೊಡೆದುಹಾಕಿ, ಕೆಳಗೆ ದಪ್ಪಗೆ ಬರೆದರು: ಮೆಲ್ಲಗಪ್ಪಾ!

ಫೆ. 11

ಅತ್ತೆ ಸ್ಟೀಲ್ ಲೋಟದಲ್ಲಿ ಕಾಫಿ ಕುಡಿದರು. ಎರಡೂ ಕೈಯಲ್ಲಿ ಹಿಡಿದುಕೊಂಡು. ಯಾಕೆ ಅಂತ ಕೇಳಿದರೆ "ಬಿಸಿ ನಿಲ್ಲತ್ತೆ" ಅಂದರು. ಅಂತೂ ಆ ಸೊಟ್ಟ ಕಪ್‌ನ ಕಾಟ ತಪ್ಪಿತು.

ಫೆ. 14, ಬೆಳಗ್ಗೆ

ಫೋನಿನಲ್ಲಿ "ದಾರಿಯಲ್ಲಿದೆ" ಅಂತಲೇ ತೋರಿಸುತ್ತಿದೆ. ನಾಳೆ ಓಪನಿಂಗು. ಭಟ್ಟಿ ಒರೆಸಿದೆ. ಮತ್ತೆ ಒರೆಸಿದೆ.

ಫೆ. 14, ಮಧ್ಯಾಹ್ನ

ಬಂತು ಫೋನು! ಬಂತು, ಬಂತು!

"ಇಪ್ಪತ್ನಾಲ್ಕೂ ಇಡಿಯಾಗಿ ಬಂತು ಕಣ್ರೀ!"

"ಇಪ್ಪತ್ತಮೂರಲ್ವಾ?"

"ಇಪ್ಪತ್ನಾಲ್ಕು. ಒಂದರ ಹಿಡಿಕೆ ಸೊಟ್ಟ. ಅದನ್ನ ಯಾರಿಗೂ ಕೊಡಲ್ಲ, ನಾನೇ ಅದ್ರಲ್ಲಿ ಕುಡಿತಿದೀನಿ. ಬೆರಳು ಎಷ್ಟು ಹಾಯಾಗಿ ಕೂರತ್ತೆ ಅಂತೀರಿ! ಅಂಥದೇ ನಲವತ್ತು ಮಾಡ್ಕೊಡಿ."

ಕುಣಿಯುತ್ತಾ ಒಳಗೆ ಹೋದೆ. ಅತ್ತೆ ಬಟ್ಟೆ ಮಡಚುತ್ತಿದ್ದರು.

"ನಿಮ್ಮ ಕಪ್ ಯಾಕತ್ತೆ ಹಾಕಿದ್ರಿ?"

"ಸದ್ದು ಬರ್ತಿತ್ತಲ್ಲ."

"ಅದು ಬಿಟ್ಟು ಬೇರೇದ್ರಲ್ಲಿ ಕುಡಿಯಲ್ಲ ನೀವು!"

"ಈ ಬೆರಳು ಮಡಚಕ್ಕಾಗಲ್ವಲ್ಲೇ" ಅಂದರು, ಬಟ್ಟೆಯಿಂದ ಕಣ್ಣೆತ್ತದೆ. "ಅದೊಂದರಲ್ಲೇ ಸರಿಯಾಗಿ ಹಿಡಿತ ಸಿಗ್ತಿತ್ತು. ಹೋಗ್ಲಿ ಬಿಡು, ನಿನ್ನ ಭಟ್ಟಿ ಉಳೀತಲ್ಲ."

ಗೆಣ್ಣು ಊದಿದ ಬೆರಳು. ಇಷ್ಟು ವರ್ಷ ಹಟ ಅಂದುಕೊಂಡೆ. ಕುಣಿತ ನಿಂತು ಅಳು ಬಂತು. ಅತ್ತುಬಿಟ್ಟೆ.

ಫೆ. 14, ಸಂಜೆ

ಮಣ್ಣು ಕಲಸಿ ಕೂತೆ. ಹಾಳಾದ್ದು, ಎಷ್ಟು ಮಾಡಿದರೂ ಹಿಡಿಕೆ ನೆಟ್ಟಗೇ ಬರುತ್ತದೆ! ಕೊನೆಗೆ ಅತ್ತೆಯನ್ನೇ ಕರೆದೆ. ಎದುರಿಗೆ ಕೂತು ಬೆರಳು ಚಾಚಿದ್ದಾರೆ, ಅಳತೆಗೆ. ಕೂತಿರುವುದು ಐದು ಪದರದ ಡಬ್ಬದ ಮೇಲೆ. ಮೊದಲನೆಯದು ಕೆಫೆಗಲ್ಲ, ಅತ್ತೆಗೆ. ಹೇಳಿಲ್ಲ ಇನ್ನೂ.

"ಬರ್ಕೊಂಡು ಕೂತ್ಕೋತೀಯಾ? ಮಣ್ಣು ಒಣಗತ್ತೆ, ಬಾರೇ" ಅನ್ನುತ್ತಿದ್ದಾರೆ. ಬಂದೆ ಅತ್ತೆ, ಒಂದೇ ಒಂದು ಸಾಲು—