ಅಕ್ಕನ ಹೊಳಪು

ಲ್ಯಾಬು, ಎರಡನೇ ಮಹಡಿ
ಗುರುವಾರ, ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದೀಯ? ಸೊಂಟನೋವು ಇಳೀತಾ? ಮಗು ತೋಳಿಂದ ಕೆಳಗಿಳಿಯೋದೇ ಇಲ್ಲವಂತೆ, ಅಮ್ಮ ಹೇಳಿದ್ಲು. ಹೊತ್ತುಹೊತ್ತಿಗೆ ಊಟ ಮಾಡು. ಭಾವನ ಕೈಲೂ ಸ್ವಲ್ಪ ಕೆಲಸ ಮಾಡಿಸು.

ನನ್ನ ಸುದ್ದಿ ಕೇಳು. ನೀನು ಹೆರಿಗೆಗೆ ಹೋದಾಗಿಂದ ನಿನ್ನ ಮೇಜು, ನಿನ್ನ ಪುಡಿ ಎರಡೂ ನನ್ನ ತಲೆಗೆ ಬಂದಿವೆ. ಬಂದವರಿಗೆಲ್ಲ ನಮ್ಮ ಸರ್ ಅದೇ ಕಥೆ ಹೇಳ್ತಾರೆ. ಈ ಪಾಲಿಮರ್ ಪುಡಿಯ ತುಂಬ ಕಣ್ಣಿಗೆ ಕಾಣದ ತೂತು, ನೇರಳೆ ದೀಪದ ಕೆಳಗಿಟ್ಟರೆ ಹಸಿರಾಗಿ ಹೊಳೆಯುತ್ತೆ, ಸಿಡಿಮದ್ದಿನ ಆವಿ ಆ ತೂತಿಗೆ ಹೊಕ್ಕರೆ ಸಾಕು, ಹೊಳಪು ಆರಿಹೋಗುತ್ತೆ. ಕೊನೆಗೆ, "ಎಲ್ಲ ಇವಳಕ್ಕನ ಕೈಗುಣ." ನಾನು ಪಕ್ಕದಲ್ಲಿ ಹಲ್ಲು ಕಿರೀತಾ ನಿಂತಿರ್ತೀನಿ. ನಿನ್ನ ಹತ್ರ ಮುಚ್ಚಿಡೋದೇನು, ಹೊಟ್ಟೆ ಉರಿಯುತ್ತೆ ಕಣೇ.

ನಾನು ಮಾಡಿದ ಪುಡಿ ನಾಲ್ಕು ಸಲವೂ ಮಂಕು. ನೋಟ್‌ಬುಕ್ಕಿನಲ್ಲಿ ನೀನು ಬೇಕಂತಲೇ ಏನೋ ಬಚ್ಚಿಟ್ಟು ಹೋಗಿದೀಯ ಅಂತ ವಾರವೆಲ್ಲ ಬೈಕೊಂಡೆ. ನೋಡಿದರೆ ನಿನ್ನ ದುಂಡಕ್ಷರದಲ್ಲಿ, ಕೆಳಗೆ ಗೆರೆ ಬೇರೆ ಎಳೆದು, ಬರೆದೇ ಇದೆ: ಬಿಸಿ ದ್ರಾವಕದಲ್ಲಿ ಮೂರು ದಿನ ತೊಳೆಯಬೇಕು, ತಯಾರಿಸುವಾಗ ಬೆರೆಸಿದ ಲೋಹದ ಅಂಶ ಒಳಗೆ ಉಳಿದರೆ ಹೊಳಪನ್ನ ತಿಂದುಹಾಕುತ್ತೆ. ನಾನು ಒಂದೇ ದಿನಕ್ಕೆ ತೆಗೀತಿದ್ದೆ. ಅಕ್ಕನಿಗಿಂತ ಚುರುಕು ಅನ್ನಿಸಿಕೊಳ್ಳೋ ಚಪಲ. ಐದನೇ ಸಲ ಮೂರು ದಿನ ಕಾದೆ. ಹೊಳೀತು. ಆವಿ ಸೋಕಿಸಿದೆ, ಹತ್ತು ಎಣಿಸೋದರೊಳಗೆ ಆರಿತು. ಓಡಿಹೋಗಿ ತೋರಿಸಿದರೆ ಸರ್ ಕನ್ನಡಕ ಏರಿಸಿ, "ಥೇಟ್ ನಿಮ್ಮಕ್ಕನದೇ" ಅಂದ್ರು. ಒಂದು ಸಲ ನನ್ನದು ಅಂದಿದ್ದರೆ ಅವರ ಗಂಟೇನು ಹೋಗ್ತಿತ್ತು? ಚಿಕ್ಕಂದಿನಿಂದ ನಿನ್ನ ಹಳೇ ಅಂಗಿ, ನಿನ್ನ ಹಳೇ ಪುಸ್ತಕ, ಈಗ ಇದೂ.

ಇಲ್ಲಿ ಒಂದೇ ಒಂದು ಖಾಯಂ ಕೆಲಸ ಖಾಲಿ ಇದೆ. ನನಗದು ಬೇಕು ಅಕ್ಕಾ, ಅನ್ನ ಸೇರದಷ್ಟು ಬೇಕು. ನಿನಗೆ ಮಗು ಇದೆ, ಭಾವ ಇದಾನೆ, ಹೆಸರಿದೆ. ಇದೊಂದಾದರೂ ನನಗಿರಲಿ ಅಂತ ಮನಸ್ಸು ಹಟ ಹಿಡಿದು ಕೂತಿದೆ.

ಮಗುವಿಗೆ ಚಿಕ್ಕಮ್ಮನ ಎರಡು ಮುತ್ತು. ಭಾವನಿಗೆ ನಮಸ್ಕಾರ ಹೇಳು. ನೀನು ಮೈ ನೋಡಿಕೋ.

ನಿನ್ನ ತಂಗಿ,
ಸಿಡುಕಿ

ಇನ್ನೊಂದು ಮಾತು: "ನಿಮ್ಮಕ್ಕ ವಾಪಸ್ ಬರ್ತಾಳಾ?" ಅಂತ ಸೋಮವಾರ ಸರ್ ಕೇಳಿದ್ರು. ಇಲ್ಲ, ಅವಳಿಗೀಗ ಕೆಲಸದ ಮೇಲೆ ಮನಸ್ಸಿಲ್ಲ ಅಂದುಬಿಟ್ಟೆ. ಸುಳ್ಳು ಅಂತ ಒಪ್ಪಿಕೊಳ್ಳೋಕೆ ಎರಡು ಸಲ ಅವರ ಬಾಗಿಲ ತನಕ ಹೋಗಿ ಹಾಗೇ ತಿರುಗಿ ಬಂದೆ. ಮುಂದಿನ ವಾರ ಶುಕ್ರವಾರ ಆ ಕೆಲಸಕ್ಕೆ ಮೇಲಿನವರಿಗೆ ಹೆಸರು ಕಳಿಸ್ತಾರೆ. ಅಷ್ಟರೊಳಗೆ ನೀನೇ ಅವರಿಗೆ ಫೋನ್ ಮಾಡು. ಈ ಕಾಗದಾನ ಈಗಲೇ ಅಂಚೆ ಡಬ್ಬಿಗೆ ಹಾಕಿ ಬರ್ತೀನಿ. ಸಂಜೆ ತನಕ ಕೈಯಲ್ಲಿ ಉಳಿದರೆ ಹಾಕೋಳಲ್ಲ ನಾನು.