ಹೊಸ ಅಚ್ಚಿನ ಹನ್ನೆರಡು ಚಿಪ್

ಭಾವ, ಕ್ಷಮಿಸಿ, ಮತ್ತೆ ಮೊದಲಿಂದ ಶುರು ಮಾಡ್ತಿದೀನಿ. ಈ ವಾಯ್ಸ್ ಮೆಸೇಜ್ ಎರಡು ಸಲ ಅಳಿಸಿದೆ. ಒಂದರಲ್ಲಿ ಬೈಗುಳ ಜಾಸ್ತಿ ಆಯ್ತು, ಇನ್ನೊಂದರಲ್ಲಿ ಗೌರವ ಜಾಸ್ತಿ ಆಯ್ತು. ಇವತ್ತು ಮಂಗಳವಾರ, ಮಧ್ಯಾಹ್ನ ಹನ್ನೆರಡೂವರೆ. ಲ್ಯಾಬಿನ ಸಿಂಕಿನ ಹತ್ತಿರ ನಿಂತು ಮಾತಾಡ್ತಿದೀನಿ.

ನೀವು ಲೋಕಕ್ಕೆಲ್ಲ ಸಾರಿದ್ದೇನು? ಕೂದಲಿಗಿಂತ ಸಣ್ಣ ಕಾಲುವೆಯೊಳಗೆ ಬಿಟ್ಟರೆ ಸಾಕು, ಉದ್ದನೆ ಡಿಎನ್‌ಎ ಎಳೆ ತಾನಾಗೇ ಮುದುಡಿ ಉಂಡೆ ಆಗುತ್ತೆ, ಯಾವ ರಾಸಾಯನಿಕವೂ ಬೇಡ ಅಂತ. ಆ ಕಾಲುವೆ ಇರೋ ಪುಟ್ಟ ರಬ್ಬರ್ ಬಿಲ್ಲೆಗಳಿಗೆ, ಅದೇ ಚಿಪ್‌ಗಳಿಗೆ, ಅಚ್ಚು ಮಾಡಿ, ದ್ರವ ರಬ್ಬರು ಸುರಿದು, ತೂತು ಕೊರೆದೋನು ನಾನು. ನಿಮ್ಮ ಲೇಖನದಲ್ಲಿ ನನ್ನ ಹೆಸರಿಲ್ಲ. ‘ತಾಂತ್ರಿಕ ಸಹಾಯ’ ಅಂತಿದೆ. ಹೆಂಡತಿ ತಮ್ಮನಿಗೆ ಅಷ್ಟಾದ್ರೂ ಸಿಕ್ಕಿತಲ್ಲ!

ಲೇಖನ ಕಳಿಸೋ ಮುಂಚೆ ಹೇಳೋಕೆ ಬಂದಿದ್ದೆ, ನೆನಪಿದೆಯಾ? ನೀವು ಬಳಸಿದ್ದು ಹಳೇ ಚಿಪ್‌ಗಳು. ಎಳೆ ಮುದುಡಿಸೋ ದ್ರಾವಣ ಹಿಂದಿನ ಪ್ರಯೋಗದಲ್ಲೇ ಆ ರಬ್ಬರಿನೊಳಗೆ ಇಂಗಿತ್ತು, ಎಳೆ ಉಂಡೆ ಆಗಿದ್ದು ಅದರಿಂದ. ಹೊಸ ಚಿಪ್‌ನಲ್ಲಿ ನಾನೇ ಬಿಟ್ಟು ನೋಡಿದ್ದೆ, ಎಳೆ ನೆಟ್ಟಗೆ ಮಲಗಿತ್ತು. ನಾನು ಬಾಯಿ ತೆಗೆಯೋ ಮುಂಚೆನೇ ವಿದ್ಯಾರ್ಥಿಗಳೆದುರು ಅಂದಿರಿ, “ಭಾವಮೈದ ಸಾಹೇಬರು ತೂತು ಕೊರೀಲಿ, ತಲೆ ಓಡಿಸೋಕೆ ನಾವಿದೀವಿ.” ಎಲ್ಲರೂ ನಕ್ಕರು. ನಾನೂ ನಕ್ಕೆ. ಬಾಯಿ ಮುಚ್ಕೊಂಡು ವಾಪಸ್ ಬಂದೆ.

ಹೋದ ತಿಂಗಳು ಇನ್ನೊಂದು ಲ್ಯಾಬಿನವರು ಈ ಪ್ರಯೋಗ ನಾವೂ ಮಾಡಿ ನೋಡ್ತೀವಿ, ಚಿಪ್ ಕಳಿಸಿ ಅಂದರು. ನೀವು ಆ ಕಾಗದ ನನ್ನ ಮೇಜಿನ ಮೇಲೆ ಬಿಸಾಕಿ ಹೋದಿರಿ. ಹಳೇ ಚಿಪ್ ಕಳಿಸಿದ್ರೆ ನೀವು ಬಚಾವ್. ಅವು ಇರೋ ಡ್ರಾಯರ್ ಎಳೆದೂ ನೋಡಿದೆ. ಆಮೇಲೆ ಹೊಸದಾಗಿ ಹನ್ನೆರಡು ಮಾಡಿದೆ ಭಾವ. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಮಾಡಿರಲಿಲ್ಲ. ಸೇಡು ಅಂದ್ರೆ ಏನೋ ದೊಡ್ಡ ಕೆಲಸ ಅಂದ್ಕೊಂಡಿದ್ದೆ. ನನ್ನ ಕೆಲಸ ಸರಿಯಾಗಿ ಮಾಡಿದೆ, ಅಷ್ಟೆ. ಅವರ ಉತ್ತರ ಇವತ್ತು ಬರುತ್ತೆ. ಹನ್ನೆರಡರಲ್ಲೂ ಎಳೆ ನೆಟ್ಟಗಿರುತ್ತೆ.

ಇಂತಿ, ನಿಮ್ಮ ತೂತು ಕೊರೆಯೋ ಭಾವಮೈದ.

ಹಾಂ, ಒಂದು ಬಿಟ್ಟೆ. ಆ ಹಳೇ ಚಿಪ್‌ಗಳನ್ನ ಹೊಸದು ಅಂತ ನಿಮ್ಮ ಕೈಗೆ ಕೊಟ್ಟೋನು ನಾನೇ. ಬೇಕಂತ ಅಲ್ಲ. ಅವತ್ತು ಅಕ್ಕನ ಆಪರೇಷನ್. ನೀವು ಸಂಜೆಯೊಳಗೆ ಚಿಪ್ ಬೇಕೇ ಬೇಕು ಅಂತ ಕೂತಿದ್ರಿ. ಆಸ್ಪತ್ರೆಗೆ ಯಾರಾದ್ರೂ ಒಬ್ಬರು ಹೋಗಬೇಕಿತ್ತಲ್ಲ? ಇದೇ ಸಿಂಕಿನಲ್ಲಿ ತೊಳೆದು ಕೊಟ್ಟು ಓಡಿದೆ. ತೊಳೆದರೆ ದ್ರಾವಣ ಹೋಗುತ್ತೆ ಅಂದ್ಕೊಂಡಿದ್ದೆ...

ತಾಳಿ, ಕಾರಿಡಾರಲ್ಲಿ ಯಾರೋ ನನ್ನ ಹೆಸರು ಹಿಡಿದು ಕೂಗ್ತಿದಾರೆ. ಅಯ್ಯೋ, ನೀವೇ. ಧ್ವನಿ ಗುರುತೇ ಸಿಗಲಿಲ್ಲ. ಅವರ ಉತ್ತರ ಬಂತು ಅನ್ಸುತ್ತೆ. ಬಂದೆ ಭಾವ, ಇಡ್ತೀನಿ.