ನನ್ನ ಹೆಸರಿನಲ್ಲಿ ಏರಿಸಿದ ಮಿತಿ

ಫ್ಯಾಕ್ಟರಿ ಕ್ವಾರ್ಟರ್ಸ್, ಪಾಳ್ಯ
ಆಲೂರು ತಾಲ್ಲೂಕು
೧೮ ಮೇ ೨೦೨೫

ಮುದ್ದಿನ ತಂಗಿ ಸೌಜನ್ಯಳಿಗೆ,

ನಿನ್ನ ಅಕ್ಕ ಸುಚಿತ್ರಾಳ ಅಕ್ಕರೆಯ ನೆನಪುಗಳು. ನೀನು, ನಿನ್ನ ಮನೆಯವರು, ಹೊಸದಾಗಿ ಬಂದಿರುವ ಪುಟ್ಟಿ ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ವನಗೂರಿನಿಂದ ನೀನು ಬರೆದ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯದೆ ಕೂತದ್ದಕ್ಕೆ ಬೈಯಬೇಡ. ನಾಮಕರಣದ ದಿನ ಜೀಪಿನ ಸದ್ದು ಕೇಳಿದಾಗಲೆಲ್ಲ ಅಕ್ಕ ಬಂದಳೆಂದು ಬಾಗಿಲಿಗೆ ಬರುತ್ತಿದ್ದೆಯಂತೆ. ಆ ಸಾಲನ್ನು ಮತ್ತೆ ಮತ್ತೆ ಓದಿದೆ.

ಫೋನಾದರೂ ಮಾಡಬಹುದಿತ್ತಲ್ಲ ಅನ್ನುತ್ತೀಯ. ನಿಮ್ಮ ಎಸ್ಟೇಟಿನಲ್ಲಿ ಸಿಗ್ನಲ್ ಸಿಗಬೇಕಾದರೆ ನೀನು ಬಾಣಂತಿ ಮೈಯಲ್ಲಿ ಗುಡ್ಡ ಹತ್ತಬೇಕು. ನನ್ನ ಫೋನನ್ನು ತನಿಖೆಗೆಂದು ತೆಗೆದುಕೊಂಡು ಹೋದ ಪೊಲೀಸರು ಇನ್ನೂ ಹಿಂತಿರುಗಿಸಿಲ್ಲ. ಈ ಮನೆಯಲ್ಲಿರುವ ಇನ್ನೊಂದು ಫೋನು ನಿನ್ನ ಭಾವನದು. ಅದನ್ನು ಕೇಳಲು ನನಗೆ ಮನಸ್ಸಿಲ್ಲ.

ಮೆಣಸಿನ ಫ್ಯಾಕ್ಟರಿಯಲ್ಲಿ ಬೆಂಕಿ ಬಿದ್ದು ಒಬ್ಬ ಕೆಲಸಗಾರ ಸುಟ್ಟುಕೊಂಡ ಅಂತ ನೀನು ಕೇಳಿರುತ್ತೀಯ. ಅಲ್ಲಿ ನಾನೂ ಇದ್ದೆ. ಗಾಬರಿಯಾಗಬೇಡ, ಎಡಗೈಗೆ ಮಾತ್ರ ತಾಗಿತ್ತು, ಈಗ ಮಾಗಿದೆ. ಎಳೆ ಚರ್ಮ ಬಂದಿದೆ, ಬಿಸಿಲು ಬಿದ್ದರೆ ಉರಿಯುತ್ತದೆ, ಅಷ್ಟೆ.

ನನ್ನ ಕೆಲಸವೇನೆಂದು ನೀನು ಕೇಳಿದಾಗಲೆಲ್ಲ 'ಮೀಟರ್ ರಿಪೇರಿ' ಎಂದು ನಕ್ಕುಬಿಡುತ್ತಿದ್ದೆ. ಇವತ್ತು ಸರಿಯಾಗಿ ಹೇಳುತ್ತೇನೆ, ಇಲ್ಲದಿದ್ದರೆ ಮುಂದಿನದು ನಿನಗೆ ಅರ್ಥವಾಗುವುದಿಲ್ಲ. ನಮ್ಮಲ್ಲಿ ಕಾಳುಮೆಣಸನ್ನು ಪುಡಿ ಮಾಡಿ, ಪೆಟ್ರೋಲಿನಂತೆ ಹೊತ್ತಿಕೊಳ್ಳುವ ಒಂದು ದ್ರವದಲ್ಲಿ ನೆನೆಸಿ ಸಾರ ತೆಗೆಯುತ್ತಾರೆ. ಒತ್ತಡ ಅಳೆಯಲು, ಬಿಸಿ ಅಳೆಯಲು, ಟ್ಯಾಂಕಿನ ಮಟ್ಟ ನೋಡಲು, ಗಾಳಿಯಲ್ಲಿ ಆವಿ ಸೇರಿದೆಯೇ ಎಂದು ಪತ್ತೆ ಹಚ್ಚಲು ಫ್ಯಾಕ್ಟರಿಯ ತುಂಬ ಉಪಕರಣಗಳಿವೆ. ಮೊದಲು ಒಂದೊಂದಕ್ಕೂ ಏಣಿ ಹಾಕಿ ಹತ್ತಿ, ಮುಚ್ಚಳ ಬಿಚ್ಚಿ ಹೊಂದಿಸಬೇಕಿತ್ತು. ಈಗ ಎಲ್ಲವನ್ನೂ ಒಂದು ಕಂಪ್ಯೂಟರಿಗೆ ಜೋಡಿಸಿದ್ದಾರೆ. ಅದರ ಸಾಫ್ಟ್‌ವೇರ್ ತೆರೆದರೆ ಪ್ರತಿ ಉಪಕರಣಕ್ಕೂ ಒಂದು ಪುಟ ಬರುತ್ತದೆ. ಎಷ್ಟರಿಂದ ಎಷ್ಟರವರೆಗೆ ಅಳೆಯಬೇಕು, ಯಾವ ಮಿತಿ ದಾಟಿದರೆ ಸೈರನ್ ಕೂಗಬೇಕು, ಎಲ್ಲ ಅಲ್ಲಿರುತ್ತದೆ. ಕುರ್ಚಿಯಲ್ಲಿ ಕೂತು ಅಂಕಿ ಬದಲಾಯಿಸಿದರೆ ಸಾಕು, ಅಲ್ಲಿ ಗೋಡೆಯ ಮೇಲಿರುವ ಉಪಕರಣ ಮರುಮಾತಿಲ್ಲದೆ ಒಪ್ಪಿಕೊಳ್ಳುತ್ತದೆ. ಹಾಗೆ ಬದಲಾಯಿಸುವ ಅಧಿಕಾರ ಇದ್ದದ್ದು ನನ್ನ ಹೆಸರಿಗೆ ಮಾತ್ರ.

ಆದರೆ ನನ್ನ ಪಾಸ್‌ವರ್ಡ್ ನಿನ್ನ ಭಾವನಿಗೂ ಗೊತ್ತಿತ್ತು. ನಾನು ಏಣಿಯ ಮೇಲೆ ನಿಂತು ಪರೀಕ್ಷೆ ಮಾಡುವಾಗ ಕಂಪ್ಯೂಟರಿನ ಮುಂದೆ ಇನ್ನೊಬ್ಬರು ಬೇಕು. ಅವರು ಶಿಫ್ಟ್ ಇನ್‌ಚಾರ್ಜ್, ಪಕ್ಕದ ಕೋಣೆಯಲ್ಲೇ ಇರುತ್ತಾರೆ. ಬೀರುವಿನ ಕೀಲಿಕೈ ಎಲ್ಲಿದೆ ಎಂದು ಗಂಡನಿಗೆ ಹೇಳಿದ ಹಾಗೆ ಅದನ್ನೂ ಹೇಳಿದ್ದೆ.

ಮಾರ್ಚ್‌ನಲ್ಲಿ ಮೆಣಸು ಬಂದು ರಾಶಿ ಬಿದ್ದಿತ್ತು. ಆಗಲೇ ಸಾರ ತೆಗೆಯುವ ಹಾಲ್‌ನಲ್ಲಿ ಆವಿ ಹಿಡಿಯುವ ಸೆನ್ಸರ್ ಮತ್ತೆ ಮತ್ತೆ ಕೂಗತೊಡಗಿತು. ಅದು ಕೂಗಿದರೆ ಪ್ಲಾಂಟ್ ತಾನಾಗಿಯೇ ನಿಲ್ಲುತ್ತದೆ, ಮತ್ತೆ ಶುರುವಾಗಲು ಅರ್ಧ ದಿನ ಬೇಕು. ಮ್ಯಾನೇಜರ್ ಶಾಂತಮಲ್ಲಪ್ಪನವರು ನನ್ನನ್ನು ಕರೆಸಿದರು.

"ಸೆನ್ಸರ್‌ಗೆ ಹುಚ್ಚು ಹಿಡ್ದೈತೆ ಕಣಮ್ಮ. ಮಿತಿ ಒಸಿ ಮೇಲಕ್ಕೆ ಹಾಕು. ಸೀಸನ್ ಮುಗೀಲಿ, ಆಮೇಲೆ ನೋಡನ."

ನಾನು ಆಗಲೇ ಪರೀಕ್ಷೆಯ ಗ್ಯಾಸ್ ಬಿಟ್ಟು ನೋಡಿ ಬಂದಿದ್ದೆ. "ಸೆನ್ಸರ್ ಸರಿಯಾಗಿದೆ ಸರ್. ಪಂಪಿನ ಹತ್ರ ನಿಜವಾಗ್ಲೂ ಸೋರ್ತಿದೆ. ನಿಲ್ಲಿಸಿ ರಿಪೇರಿ ಮಾಡ್ಬೇಕು."

"ಪ್ಲಾಂಟ್ ನಿಲ್ಸದು ನಿನ್ ಕೆಲ್ಸ ಅಲ್ಲ" ಎಂದರು. ಮಿತಿ ಏರಿಸುವುದಿಲ್ಲವೆಂದು ಹೇಳಿ ಹೊರಗೆ ಬಂದೆ. ಅಲ್ಲಿಗೆ ಮುಗಿಯಿತೆಂದುಕೊಂಡೆ.

ಎರಡು ದಿನದ ಮೇಲೆ, ಮಧ್ಯಾಹ್ನ ಊಟವಾದ ನಂತರ ಟ್ಯಾಂಕಿನ ಮಟ್ಟ ಅಳೆಯುವ ಉಪಕರಣ ನೋಡಲು ಅದೇ ಹಾಲ್‌ಗೆ ಹೋದೆ, ಆವಿ ಹೆಚ್ಚಾದರೆ ಸೈರನ್ ಕೂಗುತ್ತದಲ್ಲ ಎಂಬ ಧೈರ್ಯದಲ್ಲಿ. ಜೊತೆಗೆ ಹೆಲ್ಪರ್ ಕುಳ್ಳಯ್ಯ ಇದ್ದ. ಹೊಂಗಡಹಳ್ಳದವನು, ನನಗಿಂತ ಹಿರಿಯ. ಏಣಿ ಹೊತ್ತುಕೊಂಡರೆ ಹಾಡು ಹೇಳಿಕೊಂಡೇ ನಡೆಯುವವನು. ಏಣಿ ಹತ್ತಿದ ಮೇಲೆ ನೆನಪಾಯಿತು, ಸ್ಪ್ಯಾನರ್ ಬಾಗಿಲ ಹೊರಗೆ ಬಿಟ್ಟು ಬಂದಿದ್ದೆ. "ನಾನ್ ತತ್ತೀನಿ" ಎಂದ. ಬೇಡ, ಏಣಿ ಹಿಡಿದುಕೊಂಡಿರು ಎಂದು ನಾನೇ ಇಳಿದು ಹೋದೆ.

ಬಾಗಿಲು ದಾಟುವಾಗ ಆಯಿತು. ಸದ್ದು ದೊಡ್ಡದೇನಲ್ಲ ಸೌಜಿ, ಯಾರೋ ಒದ್ದೆ ಕಂಬಳಿ ಕೊಡವಿದ ಹಾಗೆ. ಬಿಸಿ ಗಾಳಿ ಬಂದು ತೋಳಿಗೆ ಬಡಿಯಿತು. ಒಳಗಿನಿಂದ ಕುಳ್ಳಯ್ಯ ಎರಡೂ ಕೈ ಮುಂದೆ ಚಾಚಿಕೊಂಡು, ಏನನ್ನೋ ಕೊಡಲು ಬರುವವನಂತೆ ನಡೆದು ಬಂದ. ಸೈರನ್ ಮಾತ್ರ ಕೂಗಲೇ ಇಲ್ಲ.

ಅವನನ್ನು ಆಂಬುಲೆನ್ಸಿಗೆ ಹತ್ತಿಸಿದ ಮೇಲೆ ಕಂಪ್ಯೂಟರ್ ಕೋಣೆಗೆ ಹೋಗಿ ಆ ಸೆನ್ಸರಿನ ಪುಟ ತೆರೆದೆ. ಮಿತಿ ಎಲ್ಲೋ ಮೇಲೆ ಹೋಗಿ ಕೂತಿತ್ತು. ಪಕ್ಕದಲ್ಲಿ ನನ್ನ ಹೆಸರು, ಅದೇ ಮಧ್ಯಾಹ್ನದ ಹೊತ್ತು.

ಮನೆಗೆ ಬಂದು ಕೇಳಿದೆ. ನಿನ್ನ ಭಾವ ಇಲ್ಲ ಅನ್ನಲಿಲ್ಲ. "ಸಾಹೇಬ್ರು ಪಕ್ಕದಲ್ಲೇ ನಿಂತ್ಕಂಡು ಹಾಕ್ಸಿದ್ರು ಸುಚಿ. ನಾನೇನ್ ಮಾಡ್ಲಿ?" ಮತ್ತೆ ಹೇಳಿದರು: "ಹೆಂಗೂ ನಿನ್ ಹೆಸ್ರಲ್ಲೈತೆ. ಕೈ ತಪ್ಪಿ ಆಯ್ತು ಅಂದ್ಬುಡು. ಹೆಂಗಸು ಅಂತ ಎಚ್ಚರಿಕೆ ಕೊಟ್ಟು ಬಿಟ್ಬುಡ್ತಾರೆ. ನನ್ ಹೆಸ್ರು ಬಂದ್ರೆ ಕೇಸ್ ಆಯ್ತದೆ."

ನಿನ್ನ ಭಾವ ಸುರೇಂದ್ರ ಕೆಟ್ಟವರೆಂದು ನೀನೂ ಹೇಳುವುದಿಲ್ಲ, ನಾನೂ ಹೇಳಲಾರೆ. ಆ ವಾರವೆಲ್ಲ ನನ್ನ ಕೈಗೆ ಮುಲಾಮು ಹಚ್ಚಿದವರು ಅವರೇ. ಹಚ್ಚುತ್ತಾ ಅದನ್ನೇ ಹೇಳುತ್ತಿದ್ದರು.

ಹಾಲ್‌ನ ಒಳಗೆ ಹೋಗುವ ಮೊದಲು ಮಿತಿ ಏರಿಸಿದ್ದು ನಾನೇ ಎಂದು ಶಾಂತಮಲ್ಲಪ್ಪನವರು ಹೇಳಿಕೆ ಕೊಟ್ಟರು. ಹಾಲ್‌ನ ಕ್ಯಾಮೆರಾ ಚಿತ್ರ ಏನನ್ನೂ ಉಳಿಸಿಡುವುದಿಲ್ಲ, ನಾನು ಯಾವಾಗ ಒಳಗೆ ಹೋದೆ ಎಂದು ಹೇಳಬಲ್ಲವನು ಕುಳ್ಳಯ್ಯ ಒಬ್ಬನೇ. ಅವನು ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಹೇಳದೆ ತಾಲ್ಲೂಕು ಬಿಟ್ಟು ಹೋಗಬಾರದೆಂದು ಪೊಲೀಸರು ಹೇಳಿ ಹೋದರು. ಕ್ವಾರ್ಟರ್ಸಿನ ಹಿಂದೆ ಫ್ಯಾಕ್ಟರಿಯ ಗೋಡೆ, ಮುಂದೆ ವಾಚ್‌ಮನ್ ಕೂರುವ ಗೇಟು. ಸೊಪ್ಪು ತರಲು ಹೊರಟರೂ ಅವನು ಎದ್ದು ನಿಂತು, "ಎಲ್ಲಿಗೆ ಮೇಡಂ?" ಎಂದು ಕೇಳುತ್ತಿದ್ದ. ನಿನ್ನ ಮನೆಗೆ ಬರಲಾಗದಿದ್ದದ್ದು ಇದಕ್ಕೇ.

ನಮ್ಮ ತಮ್ಮ ಪ್ರದೀಪನೂ ಈಗ ಇಲ್ಲೇ ಪ್ಯಾಕಿಂಗ್‌ನಲ್ಲಿದ್ದಾನಲ್ಲ, ಒಂದು ಸಂಜೆ ಬಂದು ಬಾಗಿಲಲ್ಲೇ ನಿಂತ. "ಅಕ್ಕ, ಸಾಹೇಬ್ರು ನನ್ನೂ ಕರ್ಸಿದ್ರು" ಎಂದ. ಅವನ ಕೆಲಸ ಇನ್ನೂ ಕಾಯಂ ಆಗಿಲ್ಲ. ಕಾಫಿ ಕುಡಿದು ಹೋದ.

ಅತ್ತೆ ದೇವೀರಮ್ಮ ಬೈದಿದ್ದರೆ ನಾನೂ ಎದುರು ಮಾತಾಡಬಹುದಿತ್ತು. ಅವರು ಬೈಯಲಿಲ್ಲ. ನನ್ನ ತಲೆ ಬಾಚಿ ಜಡೆ ಹೆಣೆಯುತ್ತಾ, "ಸೊಸೆ ಅಂತ ಯಾವತ್ತೂ ನೋಡ್ಲಿಲ್ಲ ಕಣವ್ವ, ಮಗ್ಳು ಅಂತ್ಲೇ ನೋಡ್ದೆ. ಈಗ ನನ್ ಮಗನ್ನ ನಂಗೆ ಉಳ್ಸ್ಕೊಡು" ಎಂದರು. ಜಡೆ ಅವರ ಕೈಯಲ್ಲಿತ್ತು. ಏಳಲೂ ಆಗಲಿಲ್ಲ, ತಿರುಗಿ ಅವರ ಮುಖ ನೋಡಲೂ ಆಗಲಿಲ್ಲ.

ಒಪ್ಪಿಕೊಂಡುಬಿಡೋಣ ಎಂದೇ ತೀರ್ಮಾನಿಸಿದ್ದೆ. ಅಷ್ಟರಲ್ಲಿ ಕೈಯ ಡ್ರೆಸ್ಸಿಂಗ್‌ಗೆಂದು ಅನುಮತಿ ಪಡೆದು ಹಾಸನದ ಆಸ್ಪತ್ರೆಗೆ ಹೋದವಳು ಕುಳ್ಳಯ್ಯನ ವಾರ್ಡಿಗೂ ಹೋದೆ. ಅವನ ಎರಡೂ ಕೈಗೆ ಬಟ್ಟೆ ಸುತ್ತಿದ್ದರು. ಹೆಂಡತಿ ಕಮಲಮ್ಮ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು. ನನ್ನನ್ನು ನೋಡಿ ಚಮಚ ಕೆಳಗಿಟ್ಟಳು.

"ಅಮ್ಮಾರೆ, ನಿಮ್ ಕೈ ಹೆಂಗೈತೆ?" ಎಂದು ಅವನೇ ಮೊದಲು ಕೇಳಿದ. ಆಮೇಲೆ, "ದಿನಾ ಬಡ್ಕಳದು ಆ ಸೈರನ್. ಅವತ್ ಯಾಕೆ ಕೂಗ್ಲಿಲ್ಲ?" ಎಂದ.

"ಇವ್ರೇ ನಿಲ್ಸಿದ್ದಂತೆ. ಆಫೀಸಿಂದ ಬಂದೋರು ಹೇಳುದ್ರು" ಎಂದಳು ಕಮಲಮ್ಮ, ನನ್ನ ಕಡೆ ನೋಡದೆ.

ಕುಳ್ಳಯ್ಯ ಅವಳ ಮೇಲೆ ರೇಗಿದ. "ಅವ್ರ್ ಹೆಂಗೆ ನಿಲ್ಸ್ತಾರೆ? ಉಂಡ್ ಎದ್ದಾಗಿಂದ ನನ್ ಜತೇಲೇ ಇದ್ರಲ್ಲ. ಏನ್ ಮಾತು ಅಂತ ಆಡ್ತೀಯೆ ನೀನು."

ಆ ಮನುಷ್ಯ ಆ ಕೈ ಇಟ್ಟುಕೊಂಡು ನನ್ನ ಪರವಾಗಿ ಜಗಳ ಆಡುತ್ತಿದ್ದ. ಬಸ್ಸಿನಲ್ಲಿ ಆಲೂರಿನವರೆಗೂ ಅಳುತ್ತಲೇ ಬಂದೆ. ಕೈ ನೋವಿಗೆ ಎಂದುಕೊಂಡು ಪಕ್ಕದವರು ಕಿಟಕಿಯ ಸೀಟು ಬಿಟ್ಟುಕೊಟ್ಟರು.

ತನಿಖೆಗೆ ಬಂದ ಇನ್‌ಸ್ಪೆಕ್ಟರ್ ಕೇಳಿದಾಗ ಹೇಳಿದೆ. ನಾನು ಬದಲಾಯಿಸಿಲ್ಲ, ನನ್ನ ಪಾಸ್‌ವರ್ಡ್ ನನ್ನ ಗಂಡನಿಗೆ ಗೊತ್ತು ಎಂದೆ. "ಬೇರೆ ಯಾರಿಗಾದರೂ?" ಎಂದರು. "ಯಾರಿಗೂ ಗೊತ್ತಿಲ್ಲ" ಎಂದೆ. ಹೇಳಿ ಮುಗಿಸಿದ ಮೇಲೆ ಎದೆ ಹಗುರವಾಗುತ್ತದೆ ಅನ್ನುತ್ತಾರಲ್ಲ, ನನಗೆ ಹಾಗೇನೂ ಆಗಲಿಲ್ಲ.

ಊಟವಾದಾಗಿನಿಂದ ನಾನು ಜೊತೆಯಲ್ಲೇ ಇದ್ದೆನೆಂದು ಕುಳ್ಳಯ್ಯನೂ ಹೇಳಿಕೆ ಕೊಟ್ಟ. ಈಗ ನಿನ್ನ ಭಾವನ ಮೇಲೆ ಕೇಸಾಗಿದೆ. ಜಾಮೀನು ಸಿಕ್ಕಿದೆ, ಕೆಲಸದಿಂದ ಸಸ್ಪೆಂಡ್ ಮಾಡಿದ್ದಾರೆ. ಶಾಂತಮಲ್ಲಪ್ಪನವರು ತಾವು ಹೇಳಿಯೇ ಇಲ್ಲವೆಂದು ಸಾಧಿಸುತ್ತಿದ್ದಾರೆ. ಅವರಿಗೂ ನೋಟಿಸ್ ಬಂದಿದೆ, ಅವರ ಕಾರು ಮಾತ್ರ ದಿನಾ ಫ್ಯಾಕ್ಟರಿಗೆ ಬರುತ್ತದೆ. ಕುಳ್ಳಯ್ಯನ ಬಲಗೈ ಬೆರಳುಗಳು ಮಡಚುವುದಿಲ್ಲವಂತೆ. ನನಗೆ ಹೊಸ ಪಾಸ್‌ವರ್ಡ್ ಕೊಟ್ಟು ಅದೇ ಕುರ್ಚಿಯಲ್ಲಿ ಕೂರಿಸಿದ್ದಾರೆ. ಕೇಸು ಮುಗಿಯುವವರೆಗೆ ಭಾವ ತಾಲ್ಲೂಕು ಬಿಡುವಂತಿಲ್ಲ, ಸಾಕ್ಷಿಯಾದ ನಾನೂ ಬಿಡುವಂತಿಲ್ಲ. ಕ್ವಾರ್ಟರ್ಸ್ ನನ್ನ ಹೆಸರಿನಲ್ಲಿರುವುದರಿಂದ ಮೂವರೂ ಇದೇ ಎರಡು ಕೋಣೆಯಲ್ಲಿದ್ದೇವೆ. ಅತ್ತೆ ನನ್ನೊಡನೆ ಮಾತು ಬಿಟ್ಟಿದ್ದಾರೆ. ಅಡುಗೆ ಮಾಡಿ ನನ್ನ ಪಾಲನ್ನು ಮುಚ್ಚಿಟ್ಟು ಎದ್ದು ಹೋಗುತ್ತಾರೆ.

ಮಗುವಿಗೆ ಯಾವ ಹೆಸರಿಟ್ಟಿರೆಂದು ನೀನು ಬರೆದೇ ಇಲ್ಲ. ಬರೆ. ಎಣ್ಣೆನೀರಿನ ಸ್ನಾನ ತಪ್ಪಿಸಬೇಡ, ಅದಕ್ಕೂ ನಿನಗೂ. ಪುಟ್ಟಿಗೆ ದೀರ್ಘಾಯುಸ್ಸು ಇರಲಿ, ಅವಳ ಬಾಯಲ್ಲಿ ದೊಡ್ಡಮ್ಮ ಅನ್ನಿಸಿಕೊಳ್ಳುವ ಭಾಗ್ಯ ನನಗೆ ಬರಲಿ. ಸಕಲೇಶ್ವರ ನಿಮ್ಮ ಮನೆಯನ್ನು ತಣ್ಣಗಿಟ್ಟಿರಲಿ.

ನಿನ್ನ ಪ್ರೀತಿಯ ಅಕ್ಕ,
ಸುಚಿತ್ರಾ

ಮರೆತದ್ದು: ಮರೆತದ್ದಲ್ಲ, ಬರೆಯಲಾರದೆ ಬಿಟ್ಟದ್ದು. ಇನ್‌ಸ್ಪೆಕ್ಟರ್ ಮುಂದೆ ನಾನು ಒಂದು ಮಾತು ಸೇರಿಸಿದ್ದೆ. ನಾನು ಒಳಗಿರುವುದು ನನ್ನ ಗಂಡನಿಗೆ ಗೊತ್ತಿರಲಿಲ್ಲ, ಗೊತ್ತಿದ್ದರೆ ಖಂಡಿತ ಮಾಡುತ್ತಿರಲಿಲ್ಲ ಎಂದಿದ್ದೆ. ನಾನು ಅದನ್ನು ನಂಬಿಯೇ ಹೇಳಿದ್ದು. ಈ ಬೆಳಿಗ್ಗೆ ರೊಟ್ಟಿ ಹಾಕುವಾಗ ಆ ಮಾತನ್ನು ನಿನ್ನ ಭಾವನಿಗೆ ತಿಳಿಸಿದೆ, ಸ್ವಲ್ಪ ಸಮಾಧಾನವಾಗಲಿ ಎಂದು. ಅವರು ತಟ್ಟೆ ನೋಡುತ್ತಾ ಹೇಳಿದರು: "ಕ್ಯಾಮೆರಾದಲ್ಲಿ ಕಾಣ್ತಿದ್ದೆ ಸುಚಿ ನೀನು. ಏಣಿ ಮೇಲಿದ್ದೆ. ಏನೂ ಆಗಲ್ಲ ಅಂದ್ಕಂಡೆ." ಇದನ್ನು ನಾನು ಯಾರಿಗೂ ಹೇಳಿಲ್ಲ, ಹೇಳುತ್ತೇನೋ ಇಲ್ಲವೋ ಗೊತ್ತಿಲ್ಲ. ಈಗ ಅವರು ಹೊರಗೆ ಮೆಟ್ಟಿಲ ಮೇಲೆ ಕೂತು ನನ್ನ ಚಪ್ಪಲಿಯ ಕಿತ್ತುಹೋದ ಉಂಗುಷ್ಟ ಹೊಲಿಯುತ್ತಿದ್ದಾರೆ, ನಾಳೆ ಡ್ಯೂಟಿಗೆ ನನಗೆ ಬೇಕಾಗುತ್ತದೆಂದು.